ಎಡ ಡಿಫೆನ್ಸಿನಲ್ಲಿ ನಿಂತವಳು

ಐಸ್ ಹಾಕಿಯಲ್ಲಿ ನನ್ನನ್ನು ಎಡ ಡಿಫೆನ್ಸಿಗೆ ಹಾಕಿದಾಗ ಒಳಗೊಳಗೇ ಹಿಗ್ಗಿದ್ದೆ. ಕಾಲೇಜಿನ ಕಬಡ್ಡಿ ತಂಡದಲ್ಲೂ ನಾನು ಎಡ ಕಾರ್ನರ್. ಎಡಗಡೆ ತುದಿಯಲ್ಲಿ ನಿಂತು, ಒಳಗೆ ಬಂದವಳ ಕಾಲಿಗೆ ಕೈ ಹಾಕುವ ಜಾಗ. ಆಟ ಬೇರೆಯಾದರೇನು, ಜಾಗ ಅದೇ ತಾನೇ ಅಂದುಕೊಂಡೆ. ಅದು ಎಂಥ ದಡ್ಡತನವೆಂದು ತಿಳಿಯುವ ಹೊತ್ತಿಗೆ ಮೊಣಕಾಲಿನ ಚರ್ಮ ಎರಡು ಸಲ ಕಿತ್ತು ಬಂದಿತ್ತು.

ನಮ್ಮ ಕಡೆ ಐಸ್ ಅಂದರೆ ಕಬ್ಬಿನ ಹಾಲಿಗೆ ಹಾಕುವ ಐಸು. ಅದರ ಮೇಲೆ ನಿಂತು ಆಡುವ ಆಟವೊಂದಿದೆ ಅನ್ನುವುದು ನನಗೂ ಗೊತ್ತಿರಲಿಲ್ಲ. ಕನಕಪುರದಿಂದ ಹಾರೋಹಳ್ಳಿಗೆ ಹೋಗುವ ರಸ್ತೆಯಲ್ಲಿ ಒಂದು ಖಾಸಗಿ ಶಾಲೆ; ಅಲ್ಲಿ ನಾನು ಪಿ.ಟಿ. ಮೇಡಂ. ಗುತ್ತಿಗೆ ಕೆಲಸ. ಬೇಸಿಗೆ ರಜ ಬಂದರೆ ಕೆಲಸ ಹೋಯಿತು, ಜೂನಿನಲ್ಲಿ ಕರೆದರೆ ಬಂತು. ರಾಜ್ಯದ ಹೆಂಗಸರ ತಂಡಕ್ಕೆ ಜನ ಸಾಲದೆ, ಕಬಡ್ಡಿ ಆಡಿದ ಗಟ್ಟಿ ಹುಡುಗಿಯರು ಸಿಗುತ್ತಾರೇನೋ ಎಂದು ಸಂಘಟಕರು ನಮ್ಮ ಜಿಲ್ಲೆಯಲ್ಲಿ ವಿಚಾರಿಸುತ್ತಿದ್ದರು. ನಮ್ಮ ಶಾಲೆಯ ಸೆಕ್ರೆಟರಿಯವರಿಗೆ ಆ ಸುದ್ದಿ ಹೇಗೋ ಮುಟ್ಟಿತು. ನನ್ನನ್ನು ಕರೆಸಿದರು.

"ದೇಶದಲ್ಲಿ ಅದನ್ನ ಆಡೋರೇ ನಾಕು ಜನ ಅಂತಲ್ಲ ಮೇಡಂ. ಓಗಿ ಸುಮ್ನೆ ನಿಂತ್ಕಂಡ್ರೂ ಮೆಡಲ್ ಬತ್ತದೆ. ಒಂದು ಮೆಡಲ್ ತಕ್ಕಂಡ್ ಬನ್ನಿ. ಕಮಿಟಿ ಮುಂದೆ ಇಟ್ಟು ನಿಮ್ಮನ್ನ ಪರ್ಮನೆಂಟ್ ಮಾಡುಸ್ತೀನಿ. ಇದು ನನ್ ಮಾತು."

ಆ ಒಂದು ಮಾತಿಗೆ ನಾನು ಹೊರಟೆ. ಆಟದ ಮೇಲಿನ ಪ್ರೀತಿ ಗೀತಿ ಎಲ್ಲ ಆಮೇಲೆ ಬಂದದ್ದು.

ತರಬೇತಿ ನಡೆದದ್ದು ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಖಾಲಿ ಬಿದ್ದಿದ್ದ ಒಂದು ಗೋಡೌನಿನಲ್ಲಿ. ಐಸು ಎಲ್ಲಿಂದ ತರುವುದು? ನಯವಾದ ಸಿಮೆಂಟ್ ನೆಲ, ಕಾಲಿಗೆ ಒಂದೇ ಸಾಲಿನಲ್ಲಿ ಗಾಲಿಗಳಿರುವ ಸ್ಕೇಟು, ಕೈಯಲ್ಲಿ ಉದ್ದನೆಯ ಸ್ಟಿಕ್ಕು. ಚೆಂಡಿನ ಬದಲು ಪಕ್ ಎಂಬ ರಬ್ಬರಿನ ಬಿಲ್ಲೆ. ತಂಡದಲ್ಲಿ ಹೆಚ್ಚಿನವರು ಬೆಂಗಳೂರಿನ ಹುಡುಗಿಯರು, ಹಾಲುಹಲ್ಲು ಬೀಳುವ ಮೊದಲೇ ಸ್ಕೇಟಿಂಗ್ ಕ್ಲಾಸಿಗೆ ಹೋದವರು. ಕಬಡ್ಡಿಯಿಂದ ಬಂದವರು ನಾನು ಮತ್ತು ಚನ್ನಪಟ್ಟಣದ ಒಬ್ಬಳು, ಇಬ್ಬರೇ. ಅವಳು ಅಲ್ಲೇ ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಬಿಡಿಭಾಗ ಜೋಡಿಸುವ ಲೈನಿನಲ್ಲಿ ಕೆಲಸ ಮಾಡುತ್ತಿದ್ದಳು. ಸ್ಕೇಟ್ ಮೇಲೆ ಓಡಲು ಅವಳಿಗೆ ಬರಲೇ ಇಲ್ಲ. ಆದರೆ ಎದೆಗೆ ಬಿಲ್ಲೆ ಬಡಿದರೂ ಕಣ್ಣು ಮುಚ್ಚುತ್ತಿರಲಿಲ್ಲ. ಅವಳನ್ನು ಗೋಲಿ, ಅಂದರೆ ಗೋಲು ಕಾಯುವವಳು, ಮಾಡಿದರು.

ಕೋಚ್ ಲಡಾಖಿನವರು. ಮಾತು ಕಡಿಮೆ, ಆಡಿದರೆ ಹಿಂದಿ. ಮೊದಲನೆಯ ದಿನ ನಮ್ಮೆಲ್ಲರ ಚಪ್ಪಲಿಗಳನ್ನು ತರಿಸಿ ನೆಲದ ಮೇಲೆ ಜೋಡಿಸಿದರು. ಗೋಲಿನ ಬಾಯಲ್ಲಿ ಒಂದು, ಅದು ಗೋಲಿ. ಅವಳ ಮುಂದೆ ಎಡಕ್ಕೊಂದು ಬಲಕ್ಕೊಂದು, ಅವು ಡಿಫೆನ್ಸ್. ಅವರ ಮುಂದೆ ಮೂರು: ನಡುವೆ ಸೆಂಟರ್, ಅಕ್ಕಪಕ್ಕ ಎರಡು ವಿಂಗ್. ಸೆಂಟರ್ ಆದವಳು ಮೇಲೆ ಕೆಳಗೆ ಎಲ್ಲ ಕಡೆ ಓಡಬೇಕು. ವಿಂಗ್ ಆದವಳು ತನ್ನ ಗೋಡೆ ಬಿಟ್ಟು ಬರಬಾರದು. ಡಿಫೆನ್ಸಿನವರು ಇಬ್ಬರೂ ಜೋಡಿ. ಒಬ್ಬಳು ಮುಂದೆ ಹೋದರೆ ಇನ್ನೊಬ್ಬಳು ನಡುವಿಗೆ ಸರಿದು ಹಿಂದೆ ನಿಲ್ಲಬೇಕು. ಒಂದು ನಿಮಿಷ ಆಡುವುದರೊಳಗೆ ಉಸಿರು ಸಾಲದಾಗುತ್ತದೆ, ಆಟ ನಿಲ್ಲದೆಯೇ ಆಳು ಬದಲಾಗಬೇಕು. ಹೊರಗೆ ಬರುವವಳು ಬೆಂಚು ಮುಟ್ಟುವಷ್ಟರಲ್ಲಿ ಒಳಗೆ ಹೋಗುವವಳು ಅವಳ ಜಾಗ ಹಿಡಿಯಬೇಕು. ಇಷ್ಟು ಹೇಳಿ ಕೋಚ್ ನನ್ನ ಚಪ್ಪಲಿಯನ್ನು ಸ್ಟಿಕ್ಕಿನ ತುದಿಯಿಂದ ತಟ್ಟಿ, "ನೀನು ಯಾರನ್ನೂ ಹಿಡಿಯುವುದಿಲ್ಲ. ನೀನು ದಾರಿ ಮುಚ್ಚುತ್ತೀಯ," ಅಂದರು.

ಕಿವಿಗೆ ಬಿತ್ತು, ಮೈಗೆ ಬೀಳಲಿಲ್ಲ. ಕಬಡ್ಡಿಯಲ್ಲಿ ಕಾರ್ನರ್ ಆದವಳು ಎದುರಾಳಿಯನ್ನು ತಡೆಯುವುದಿಲ್ಲ, ಒಳಗೆ ಬಿಡುತ್ತಾಳೆ. ಬರಲಿ ಬುಡು, ಇನ್ನೂ ಒಸಿ ಬರಲಿ. ಆಳಕ್ಕೆ ಇಳಿದಷ್ಟೂ ಅವಳು ವಾಪಸ್ ಹೋಗುವ ದಾರಿ ಉದ್ದ. ಆಗ ಹಿಂದಿನಿಂದ ಕಾಲು ಹಿಡಿದರೆ ಮುಗಿಯಿತು. ನನ್ನ ಮೈಯಲ್ಲಿ ಇಳಿದಿದ್ದ ವಿದ್ಯೆ ಇದು. ಐಸ್ ಹಾಕಿಯಲ್ಲಿ ಎದುರಾಳಿಗೆ ವಾಪಸ್ ಹೋಗುವ ಗರಜೇ ಇಲ್ಲ. ಅವಳು ನನ್ನನ್ನು ದಾಟಿದಳೆಂದರೆ ಮುಂದೆ ಇರುವುದು ಗೋಲು. ನಾನು "ಬರಲಿ" ಅಂತ ಕಾಯುತ್ತಿದ್ದೆ, ಅವರು ಬಂದು ಹೊಡೆದು ಕೈ ಎತ್ತುತ್ತಿದ್ದರು. ಗೋಲಿನ ಬಾಯಿಂದ ಚನ್ನಪಟ್ಟಣದವಳು ಕೂಗುತ್ತಿದ್ದಳು:

"ಲೇ, ಏನಮ್ಮಿ, ಆರತಿ ಎತ್ತಿ ಒಳೀಕ್ ಕರ್ಕಂತಿದೀಯಾ ಅವ್ಳನ್ನ?"

ಇನ್ನೂ ದೊಡ್ಡ ಅವಮಾನ ಬೇರೆ ಇತ್ತು. ಯಾರಾದರೂ ನನ್ನನ್ನು ದಾಟಿದ ಕೂಡಲೇ ಕೈ ತಾನಾಗಿಯೇ ಸ್ಟಿಕ್ಕು ಬಿಟ್ಟು ಅವಳ ಕಾಲಿಗೆ ಹೋಗುತ್ತಿತ್ತು. ಮಂಡಿಯೂರಿ ಎರಡು ಕೈಯಲ್ಲೂ ಪಾದದ ಗಂಟು ಹಿಡಿಯುತ್ತಿದ್ದೆ. ಬೆಂಗಳೂರಿನ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಕೋಚ್ ನಗಲಿಲ್ಲ. ನನ್ನ ಸ್ಟಿಕ್ಕು ಕಿತ್ತುಕೊಂಡರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಹಿಂದು ಹಿಂದಕ್ಕೆ ಸ್ಕೇಟ್ ಮಾಡುತ್ತಾ, ಎದುರು ಬರುವವಳ ಎದೆ ನೋಡುತ್ತಾ, ಅವಳಿಗೂ ಗೋಲಿಗೂ ನಡುವೆ ಇರಬೇಕು ಅಂದರು. ಪಕ್ ನೋಡಬೇಡ, ಪಕ್ ಸುಳ್ಳು ಹೇಳುತ್ತದೆ, ಎದೆ ಹೇಳುವುದಿಲ್ಲ. ಮಳೆಗಾಲ ಪೂರ್ತಿ ಭಾನುವಾರಗಳನ್ನು ಹೀಗೆ ಕೈಕಟ್ಟಿಕೊಂಡು ಹಿಂದಕ್ಕೆ ಓಡುವುದರಲ್ಲೇ ಕಳೆದೆ. ಒಂದು ದಿನ, ಯಾವಾಗ ಅಂತ ಗೊತ್ತಿಲ್ಲ, ನನ್ನನ್ನು ದಾಟಲು ಬಂದವಳು ದಾರಿ ಸಿಗದೆ ಗೋಡೆಯ ಕಡೆ ತಿರುಗಿ ಪಕ್ ಕಳೆದುಕೊಂಡಳು. ನಾನು ಅವಳನ್ನು ಮುಟ್ಟಿಯೂ ಇರಲಿಲ್ಲ. ಕೋಚ್ ತಲೆ ಆಡಿಸಿದರು. ಆವತ್ತು ನನಗಾದ ಖುಷಿ ಕಬಡ್ಡಿಯಲ್ಲಿ ಒಂದೂ ದಿನ ಆಗಿರಲಿಲ್ಲ.

ಆಮೇಲಿನ ಪಾಠ ಇನ್ನೂ ಕಠಿಣ. ಇಬ್ಬರು ಎದುರಾಳಿಗಳು ಒಟ್ಟಿಗೆ ಬಂದು, ಡಿಫೆನ್ಸಿನಲ್ಲಿ ನೀನೊಬ್ಬಳೇ ಇದ್ದರೆ ಏನು ಮಾಡುತ್ತೀಯ? ಪಕ್ ಇದ್ದವಳ ಮೇಲೆ ಬೀಳುತ್ತೇನೆ ಅಂದೆ. ಕೋಚ್ ತಲೆ ಚಚ್ಚಿಕೊಂಡರು. ಪಕ್ ಇದ್ದವಳನ್ನು ಗೋಲಿಯ ಪಾಲಿಗೆ ಬಿಡು. ಇನ್ನೊಬ್ಬಳಿಗೆ ಹೋಗುವ ಪಾಸ್ ಇದೆಯಲ್ಲ, ಅದು ನಿನ್ನದು. ಗೋಲಿ ಒಬ್ಬಳ ಕಡೆ ಮುಖ ಮಾಡಿ ನಿಂತರೆ ಆ ಒಬ್ಬಳನ್ನು ತಡೆಯಬಲ್ಲಳು. ಪಾಸ್ ಅಡ್ಡ ಹೋಯಿತೆಂದರೆ ಅವಳು ಅತ್ತ ಹೊರಳುವಷ್ಟರಲ್ಲಿ ಗೋಲು ಆಗಿರುತ್ತದೆ. ಆದ್ದರಿಂದ ಹೊಡೆಯುವವಳಿಗೆ ಬೆನ್ನು ಕೊಟ್ಟರೂ ಸರಿ, ಪಾಸಿನ ದಾರಿಗೆ ಅಡ್ಡ ನಿಲ್ಲು.

ಗೋಲಿ ಹೆಲ್ಮೆಟ್ ತೆಗೆದು ಕೇಳಿದಳು: "ಅಂದ್ರೆ ಅವ್ಳು ನಿಂತ್ಕಂಡು ನೋಡ್ತಾಳೆ, ನಾನು ಏಟು ತಿನ್ನಾದಾ ಸಾ?"

ಕೋಚಿಗೆ ಕನ್ನಡ ಬಾರದು. ಆದರೂ ಅರ್ಥವಾಯಿತೇನೋ, ನಕ್ಕು ಹೌದೆಂದರು. ನೂರಾರು ಸಲ ಅದನ್ನೇ ಮಾಡಿಸಿದರು. ಕೊನೆಗೆ ನಾವಿಬ್ಬರೂ ಮಾತಿಲ್ಲದೆ ಹಂಚಿಕೊಳ್ಳುವಂತಾಯಿತು: ಹೊಡೆತ ನಿನ್ನದು, ಪಾಸು ನನ್ನದು.

ನನ್ನ ಜೋಡಿಯಾದ ಬಲ ಡಿಫೆನ್ಸ್ ಬೆಂಗಳೂರಿನ ಹುಡುಗಿ. ಗಾಲಿಯ ಮೇಲೆ ಮೀನು. ಆದರೆ ಅವಳ ಜೀವ ಇದ್ದದ್ದು ಗೋಲು ಹೊಡೆಯುವುದರಲ್ಲಿ. ಪಕ್ ಸಿಕ್ಕಿತೆಂದರೆ ಎದುರು ಗೋಲಿನವರೆಗೂ ಹೋಗಿಬಿಡುತ್ತಿದ್ದಳು, ಅವಳ ಜಾಗ ಬಟಾಬಯಲು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗೆ ನಮ್ಮ ಜೋಡಿ. ಯಾಕೆ ಹೀಗೆ ಜಾಗ ಬಿಟ್ಟು ಹೋಗುತ್ತೀಯ ಅಂತ ಒಂದು ದಿನ ಕೇಳಿಯೇಬಿಟ್ಟೆ. ಅವಳು ನನ್ನ ಹೆಗಲ ಮೇಲೆ ಕೈ ಹಾಕಿ, "ಅಕ್ಕಾ, ನೀವು ಹಿಂದೆ ಇದ್ದೀರಲ್ಲ, ಅದೇ ಧೈರ್ಯ ನಂಗೆ," ಅಂದಳು. ಸಿಟ್ಟು ಮಾಡಲೂ ಆಗದಂತೆ ಹೇಳಿಬಿಟ್ಟಳು.

ಚಳಿಗಾಲಕ್ಕೆ ರಾಷ್ಟ್ರಮಟ್ಟದ ಪಂದ್ಯಾವಳಿಗೆಂದು ಲಡಾಖಿಗೆ ಹೋದೆವು. ಬಯಲಿನಲ್ಲಿ ಹೆಪ್ಪುಗಟ್ಟಿದ ಆಟದಂಗಳ, ಅದಕ್ಕೆ ರಿಂಕು ಅನ್ನುತ್ತಾರೆ; ಸುತ್ತ ಹಲಗೆಗೋಡೆ, ಅದರಾಚೆ ಬೋಳು ಬೆಟ್ಟ. ಮೊದಲ ಎರಡು ದಿನ ಮೆಟ್ಟಿಲು ಹತ್ತಿದರೂ ಎದೆ ಹೊಡೆದುಕೊಳ್ಳುತ್ತಿತ್ತು. ಗಾಲಿಯ ಮೇಲೆ ಕಲಿತದ್ದರಲ್ಲಿ ಅರ್ಧ ಅಲ್ಲಿ ನೀರುಪಾಲು. ಗಾಲಿಯಲ್ಲಿ ನಿಲ್ಲಬೇಕೆಂದರೆ ಸುತ್ತು ಹಾಕಿ ವೇಗ ಕಳೆಯಬೇಕು. ಐಸಿನ ಮೇಲೆ ಎರಡೂ ಬ್ಲೇಡು ಅಡ್ಡ ತಿರುಗಿಸಿ, ಐಸು ಕೆರೆದು, ಗಕ್ಕನೆ ನಿಲ್ಲಬೇಕು. ನಾನು ನಿಲ್ಲುವ ಬದಲು ಹಲಗೆಗೋಡೆಗೆ ಗುದ್ದುತ್ತಿದ್ದೆ. ಪಂದ್ಯಾವಳಿ ಶುರುವಾಗುವ ಹೊತ್ತಿಗೆ ಎಡಕ್ಕೆ ತಿರುಗಿ ನಿಲ್ಲಲು ಬಂತು. ಬಲಕ್ಕೆ ಬರಲೇ ಇಲ್ಲ. ಎಡ ಡಿಫೆನ್ಸಿಗೆ ಅಷ್ಟು ಸಾಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮೊದಲ ಪಂದ್ಯದಲ್ಲಿ ನಾವು ಒಂದು ಗೋಲು ಮುಂದಿದ್ದೆವು. ಎದುರು ತಂಡದ ವಿಂಗ್ ಒಬ್ಬಳು ಗೋಡೆ ಹಿಡಿದು ಬಂದಳು. ನಾನು ಅಡ್ಡ ತಿರುಗುವುದರಲ್ಲಿ ತಡವಾಯಿತು, ಅವಳು ದಾಟಿದಳು. ಮುಂದೇನಾಯಿತು ಅನ್ನುವುದು ನನಗಿಂತ ನನ್ನ ಕೈಗೆ ಚೆನ್ನಾಗಿ ಗೊತ್ತು. ಸ್ಟಿಕ್ಕು ಎಲ್ಲೋ ಹೋಯಿತು, ನಾನು ಹೊಟ್ಟೆಯ ಮೇಲೆ ಜಾರುತ್ತಾ ಹೋಗಿ ಎರಡೂ ಕೈಯಲ್ಲಿ ಅವಳ ಪಾದ ಹಿಡಿದೆ. ಇಬ್ಬರೂ ಉರುಳಿದೆವು. ಸುತ್ತ ನಿಂತಿದ್ದ ಜನ ಹೋ ಅಂತ ಕೂಗಿದರು. ರೆಫರಿ ನನ್ನನ್ನು ಎರಡು ನಿಮಿಷ ಹೊರಗೆ ಕೂರಿಸಿದ. ನಮ್ಮಲ್ಲಿ ಒಬ್ಬಳು ಕಡಿಮೆಯಾದ ಆ ಹೊತ್ತಿನಲ್ಲೇ ಅವರು ಗೋಲು ಹೊಡೆದು ಸಮ ಮಾಡಿದರು. ಹೇಗೋ ಕೊನೆಯಲ್ಲಿ ನನ್ನ ಜೋಡಿ ಒಂದು ಗೋಲು ಹೊಡೆದಳು, ಗೆದ್ದೆವು. ಗೆದ್ದ ಮೇಲೆ ಯಾರು ಲೆಕ್ಕ ಹಾಕುತ್ತಾರೆ?

ನಾನು ಕಾಲು ಹಿಡಿದ ವಿಡಿಯೋ ಊರು ತಲುಪಿತು. ಕಬ್ಬಾಳಿನ ಹತ್ತಿರ ನಮ್ಮೂರು, ಒಸಿ ಹೊಲ, ಒಂದಿಷ್ಟು ಕುರಿ. ಅಪ್ಪ ಟೀ ಅಂಗಡಿಯಲ್ಲಿ ಕೂತು ಆ ವಿಡಿಯೋವನ್ನು ಬಂದ ಬಂದವರಿಗೆಲ್ಲ ತೋರಿಸಿದನಂತೆ. ಫೋನ್ ಮಾಡಿ, "ಹಿಡ್ದ್ಯಲ್ಲವ್ವ, ಭೇಷ್! ಉಡ ಹಿಡ್ದಂಗೆ ಹಿಡ್ದೆ ಕಣವ್ವ," ಅಂದ. ಸೆಕ್ರೆಟರಿ ಶಾಲೆಯ ಗ್ರೂಪಿನಲ್ಲಿ ಹಾಕಿ ಕೈ ಮುಗಿಯುವ ಚಿಹ್ನೆ, ಬಾವುಟದ ಚಿಹ್ನೆ ಎಲ್ಲ ಒತ್ತಿದ್ದರು. ನಾನು ಆ ಪಂದ್ಯದಲ್ಲಿ ಮಾಡಿದ ಒಂದೇ ಒಂದು ತಪ್ಪಿಗೆ ಜಿಲ್ಲೆಗೆ ಜಿಲ್ಲೆಯೇ ಚಪ್ಪಾಳೆ ತಟ್ಟಿತು. ಉಳಿದ ಹೊತ್ತೆಲ್ಲ ಸರಿಯಾದ ಜಾಗದಲ್ಲಿ ನಿಂತದ್ದನ್ನು ಯಾರೂ ವಿಡಿಯೋ ಮಾಡಿರಲಿಲ್ಲ. ಕೋಚ್ ಮಾತ್ರ ಊಟದ ಹೊತ್ತಿನಲ್ಲಿ ಬಂದು, "ಇನ್ನೊಮ್ಮೆ ಹಾಗೆ ಮಾಡಿದರೆ ನಿನ್ನನ್ನು ಆಡಿಸುವುದಿಲ್ಲ," ಅಂದು ಹೋದರು.

ಮುಂದಿನ ಪಂದ್ಯಗಳಲ್ಲಿ ಸೋತೂ ಗೆದ್ದೂ ಮೂರನೆಯ ಸ್ಥಾನದ ಪಂದ್ಯಕ್ಕೆ ಬಂದು ನಿಂತೆವು. ಗೆದ್ದರೆ ಕಂಚು. ಕಂಚು ಅಂದರೆ ನನಗೆ ಪರ್ಮನೆಂಟ್ ಕೆಲಸ. 

ಎರಡು ಎರಡು ಸಮ ಇತ್ತು. ಆಟ ಮುಗಿಯಲು ಇನ್ನು ಸ್ವಲ್ಪವೇ ಹೊತ್ತು. ನಮ್ಮ ಮೂವರು ಫಾರ್ವರ್ಡ್‌ಗಳು ಎದುರು ಗೋಲಿನ ಹತ್ತಿರ ಪಕ್‌ಗಾಗಿ ಕಚ್ಚಾಡುತ್ತಿದ್ದರು. ನಾನು, ನನ್ನ ಜೋಡಿ ಇಬ್ಬರೂ ಎದುರು ತಂಡದ ಭಾಗ ಶುರುವಾಗುವ ನೀಲಿ ಗೆರೆಯ ಮೇಲೆ ಕಾವಲು ನಿಲ್ಲಬೇಕಿತ್ತು. ಪಕ್ ಅವಳ ಕಡೆ ಬಂತು. ಅವಳು ನನ್ನ ಕಡೆ ಒಂದು ಸಲ ನೋಡಿದಳು. ಬೇಡ ಅಂತ ಕೂಗಿದೆ. ಹೋದಳು. ಒಬ್ಬಳನ್ನು ದಾಟಿದಳು, ಎರಡನೆಯವಳು ಪಕ್ ಕಿತ್ತುಕೊಂಡಳು, ನಮ್ಮ ಗೋಲಿನ ಕಡೆ ಇಬ್ಬರು ಒಟ್ಟಿಗೆ ಹೊರಟರು. ನಡುವೆ ಇದ್ದವಳು ನಾನೊಬ್ಬಳೇ.

ಹಿಂದು ಹಿಂದಕ್ಕೆ ಹೋಗುತ್ತಿದ್ದೆ. ಪಕ್ ಇದ್ದವಳು ನನ್ನ ಎಡಕ್ಕೆ, ಇನ್ನೊಬ್ಬಳು ಬಲಕ್ಕೆ, ಗೋಲಿನ ಮುಂದೆ ಸ್ಟಿಕ್ಕು ಊರಿಕೊಂಡು ಪಾಸಿಗೆ ಕಾಯುತ್ತಾ. ಪಕ್ ಇದ್ದವಳ ಕಾಲು ಕೈಗೆ ಸಿಗುವಷ್ಟು ಹತ್ತಿರ ಇತ್ತು. ಸುಳ್ಳು ಹೇಳುವುದಿಲ್ಲ, ಕೈ ತುಡಿಯಿತು. ಕಾಲು ಹಿಡಿದಿದ್ದರೆ ಹೊರಗೆ ಹೋಗುತ್ತಿದ್ದೆ, ಆದರೆ ಊರೆಲ್ಲ ಮತ್ತೊಮ್ಮೆ ಕುಣಿಯುತ್ತಿತ್ತು. ಹಿಡಿಯಲಿಲ್ಲ. ಗೋಡೌನಿನಲ್ಲಿ ಕೈ ಕಟ್ಟಿಕೊಂಡು ಕಲಿತದ್ದನ್ನೇ ಮಾಡಿದೆ. ಹೊಡೆಯುವವಳನ್ನು ಬಿಟ್ಟು, ಸ್ಟಿಕ್ಕನ್ನು ಐಸಿಗೆ ಹಾಸಿ, ಪಾಸಿನ ದಾರಿಗೆ ಮೈ ಒಡ್ಡಿದೆ. ಪಾಸ್ ಹೋಗಲು ಸೂಜಿ ತೂರುವಷ್ಟೂ ಜಾಗ ಇರಲಿಲ್ಲ. ಅವಳಿಗೆ ಬೇರೆ ದಾರಿ ಉಳಿಯಲಿಲ್ಲ, ಹೊಡೆದಳು. ಅಂಥ ದೊಡ್ಡ ಹೊಡೆತವೇನೂ ಅಲ್ಲ. ಗೋಲಿಯ ತೋಳಿಗೆ ತಗುಲಿ, ಕಂಕುಳ ಸಂದಿಯಲ್ಲಿ ತೂರಿ, ಹಿಂದಿನ ಬಲೆಗೆ ಮೆಲ್ಲಗೆ ಬಿತ್ತು.

ಅಲ್ಲಿಗೆ ಮುಗಿಯಿತು. ಕಂಚು ಅವರದಾಯಿತು.

ಡ್ರೆಸ್ಸಿಂಗ್ ಕೋಣೆಯಲ್ಲಿ ತಂಡದ ಮ್ಯಾನೇಜರ್ ಎಲ್ಲರ ಮುಂದೆ ಕೇಳಿದರು: "ಪಕ್ ಇದ್ದವಳು ನಿಮ್ಮ ಪಕ್ಕದಲ್ಲೇ ಇದ್ದಳಲ್ಲ ಮೇಡಂ, ಯಾಕೆ ಬಿಟ್ಟಿರಿ?" ಕೋಚ್ ಅಲ್ಲಿ ಇರಲಿಲ್ಲ, ಹೊರಗೆ ರೆಫರಿಯ ಹತ್ತಿರ ಮಾತಾಡುತ್ತಿದ್ದರು. ನಾನು ಗೋಲಿಯ ಕಡೆ ನೋಡಿದೆ. ಇಡೀ ಕೋಣೆಯಲ್ಲಿ ಉತ್ತರ ಗೊತ್ತಿದ್ದವಳು ಅವಳೊಬ್ಬಳೇ. ಅವಳು ತಲೆ ತಗ್ಗಿಸಿ ಕಾಲಿನ ಪ್ಯಾಡಿನ ಬೆಲ್ಟು ಬಿಚ್ಚುತ್ತಿದ್ದಳು. ಬಿಚ್ಚಿದ ಬೆಲ್ಟನ್ನೇ ಮತ್ತೆ ಹಾಕಿ ಮತ್ತೆ ಬಿಚ್ಚಿದಳು. ನನ್ನ ಜೋಡಿ ಅಳುತ್ತಿದ್ದಳು, ನಾಲ್ಕು ಜನ ಸಮಾಧಾನ ಮಾಡುತ್ತಿದ್ದರು. ಆವತ್ತು ನಾವು ಹೊಡೆದ ಎರಡೂ ಗೋಲು ಅವಳದೇ ಅಲ್ಲವೇ. ನಾನು "ಪಾಸ್ ತಡೆದೆ ಸಾರ್" ಅಂದೆ. "ಯಾವ ಪಾಸು? ಪಾಸೇ ಕೊಡಲಿಲ್ಲವಲ್ಲ ಅವಳು," ಅಂದರು ಮ್ಯಾನೇಜರ್.

ವಾಪಸ್ ಬರುವಾಗ, ಬೆಟ್ಟ ಇಳಿದು ಹತ್ತಿದ ರೈಲಿನಲ್ಲಿ, ಗೋಲಿ ನನ್ನ ಪಕ್ಕ ಬಂದು ಕೂತಳು. ಕಡಲೇಕಾಯಿ ಪೊಟ್ಟಣ ಬಿಚ್ಚಿ ನಡುವೆ ಇಟ್ಟಳು.

"ಅದು ನಂದೇ ಕಣಮ್ಮಿ. ಹಿಡೀಬೋದಿತ್ತು. ನಿಂದೇನೂ ತಪ್ಪಿಲ್ಲ."

"ಅಲ್ಲಿ ಯಾಕೆ ಬಾಯಿ ಬುಡ್ಲಿಲ್ಲ?"

"ಬುಟ್ಟಿದ್ರೆ ಬರೋ ವರ್ಸ ಗೋಲಿಗೆ ಇನ್ನೊಬ್ಳನ್ನ ಹುಡುಕ್ತಾರೆ. ನಿಂಗಾದ್ರೂ ಸ್ಕೂಲೈತೆ, ಮೇಡಂ ಅಂತಾರೆ. ನಂಗೇನೈತೆ ಯೋಳು? ಬೆಳಗ್ಗೆ ಎದ್ರೆ ಆ ಲೈನು, ಸಾಯಂಕಾಲ ಆ ಬಸ್ಸು. ಇದೊಂದೈತೆ."

ನನಗೆ ಅವಳ ಮೇಲೆ ಅಸಾಧ್ಯ ಸಿಟ್ಟು ಬಂತು. ನನ್ನ ಸ್ಕೂಲು ಎಷ್ಟರಮಟ್ಟಿಗೆ ನನ್ನದು ಅಂತ ಅವಳಿಗೇನು ಗೊತ್ತು? ಆದರೂ ಅವಳು ಕೊಟ್ಟ ಕಡಲೇಕಾಯಿ ತಿಂದೆ. ಊರು ಬರುವವರೆಗೂ ಮಾತಾಡಲಿಲ್ಲ, ಆಮೇಲೂ ಹೆಚ್ಚು ಮಾತಾಡಿಲ್ಲ.

ಮನೆಗೆ ಹೋದರೆ ಅಪ್ಪ ಕುರಿಗೆ ಸೊಪ್ಪು ಕಟ್ಟುತ್ತಿದ್ದ. ಕೊನೆಯ ಪಂದ್ಯದ ವಿಡಿಯೋನೂ ಬಂದಿತ್ತು ಅಂತ ಅವನ ಮುಖ ನೋಡಿದರೇ ತಿಳಿಯಿತು. ಬೈಯಲಿಲ್ಲ. ಮೆತ್ತಗೆ ಕೇಳಿದ:

"ಆವತ್ತು ಹಿಡ್ದೆ. ಈ ಸಲ ಯಾಕವ್ವ ಬುಟ್ಬುಟ್ಟೆ?"

ಬೈದಿದ್ದರೆ ಎದುರು ಮಾತಾಡುತ್ತಿದ್ದೆ. ಒಳಗೆ ಹೋಗಿ ಅತ್ತೆ.

ಶಾಲೆಗೆ ಹೋದ ದಿನ ಸೆಕ್ರೆಟರಿ ಕುರ್ಚಿ ತೋರಿಸಿ ಕೂರಿಸಿದರು. ಫೋನಿನಲ್ಲಿ ಅದೇ ವಿಡಿಯೋ ಹಾಕಿ ನನ್ನ ಕಡೆ ತಿರುಗಿಸಿದರು. ಹಲಗೆಗೋಡೆಯ ಹಿಂದಿನಿಂದ ಯಾರೋ ತೆಗೆದದ್ದು. ಅದರಲ್ಲಿ ನೋಡಿದರೆ ಅವರ ಮಾತು ನೂರಕ್ಕೆ ನೂರು ನಿಜ.

"ಅವ್ಳು ಪಕ್ಕದಲ್ಲೇ ಬಂದು ಒಡೀತಾ ಅವ್ಳೆ. ನೀವು ಅತ್ತಾಗೆ ಮುಖ ಮಾಡ್ಕಂಡು ನಿಂತಿದೀರಲ್ಲ ಮೇಡಂ? ಕಮಿಟಿಯೋರ್ಗೆ ಏನಂತ ತೋರ್ಸ್ಲಿ ಇದನ್ನ?"

ನಾನು ಅವರ ಮೇಜಿನ ಮೇಲೆ ಆಟ ಜೋಡಿಸಿದೆ. ಪೇಪರ್‌ವೆಯ್ಟ್ ಗೋಲಿ. ಸ್ಟೇಪ್ಲರ್ ಹೊಡೆಯುವವಳು. ಗಮ್ ಬಾಟಲಿ ಪಾಸಿಗೆ ಕಾಯುತ್ತಿದ್ದವಳು. ಅವರ ಪೆನ್ನು ತೆಗೆದು ನಡುವೆ ಇಟ್ಟೆ. "ಈ ಪೆನ್ನು ನಾನು ಸಾರ್. ನಾನು ಸ್ಟೇಪ್ಲರ್ ಕಡೆ ಹೋದ್ರೆ ಗಮ್ ಬಾಟಲಿಗೆ ದಾರಿ ಬಿಟ್ಟಂಗಾಗುತ್ತೆ. ಆಗ ಪೇಪರ್‌ವೆಯ್ಟ್ ಏನೂ ಮಾಡಕ್ಕಾಗಲ್ಲ. ಅದಕ್ಕೇ ಇಲ್ಲಿ ನಿಂತೆ." ತರಗತಿಯಲ್ಲಿ ಕೂಡ ನಾನು ಅಷ್ಟು ಚೆನ್ನಾಗಿ ಯಾವತ್ತೂ ಪಾಠ ಮಾಡಿಲ್ಲ. ಅವರು ಕೆನ್ನೆಗೆ ಕೈ ಕೊಟ್ಟುಕೊಂಡು ನೋಡುತ್ತಿದ್ದರು. ಅರ್ಥವಾಗುತ್ತಿದೆ ಅನ್ನಿಸಿತು. ಅಷ್ಟರಲ್ಲಿ ಶಾಲೆಯ ಬಸ್ಸಿನ ಡ್ರೈವರ್ ಯಾವುದೋ ಕಾಗದ ಹಿಡಿದುಕೊಂಡು ಬಂದ. ಸೆಕ್ರೆಟರಿ ಆ ಪೆನ್ನು ಎತ್ತಿಕೊಂಡು ರುಜು ಹಾಕಿಕೊಟ್ಟರು.

"ಅದೆಲ್ಲ ಸರಿ ಮೇಡಂ. ಆ ಕಾಲು ಇಡ್ಕಂಡ್ರಲ್ಲ, ಅದು ಚೆನ್ನಾಗಿತ್ತು. ಸ್ಕೂಲ್ ಡೇ ದಿನ ಸ್ಟೇಜ್ ಮೇಲೆ ಅದನ್ನ ಒಂದ್ಸಲ ಮಾಡಿ ತೋರ್ಸಿ. ಪೇರೆಂಟ್ಸ್ ಖುಷಿ ಪಡ್ತಾರೆ."

"ಅದು ತಪ್ಪು ಆಟ ಸಾರ್. ನಾನು ಮಾಡಲ್ಲ. ಕೊನೇ ಪಂದ್ಯದಲ್ಲಿ ನಾನು ನಿಂತಿದ್ದ ಜಾಗ ಸರಿಯಾಗಿತ್ತು."

"ಸರಿಯಾಗಿತ್ತು ಅಂತೀರಾ. ಆಯ್ತು. ಗೋಲು ಬಿತ್ತೋ ಇಲ್ವೋ?"

"ಬಿತ್ತು ಸಾರ್."

"ಅಷ್ಟೇ ಮತ್ತೆ. ಜೂನಿಗೆ ನೋಡಾಣ."

ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ನಾನು ಪೇಪರ್‌ವೆಯ್ಟು, ಸ್ಟೇಪ್ಲರು, ಗಮ್ ಬಾಟಲಿ ಮೂರನ್ನೂ ಅವುಗಳಿದ್ದ ಜಾಗಕ್ಕೆ ತಿರುಗಿ ಇಟ್ಟು, ಹೊರಗೆ ಬಂದೆ.